ಮೂರು ಅಂಗಡಿ, ಎರಡು ಜೊತೆ ಶೂ

ಇಷ್ಟಕ್ಕೆಲ್ಲ ಕಾರಣ ಒಂದು ಗುಡ್ಡ. ಊರಾಚೆ ಬಸ್ಸಿನ ಕೊನೆಯ ನಿಲ್ದಾಣದ ಹಿಂದೆ, ಮಲಗಿದ ಎಮ್ಮೆಯ ಹಾಗೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿದ್ದ ಕಲ್ಲುಗುಡ್ಡ. ಇಷ್ಟು ವರ್ಷ ಅದು ಯಾರ ತಂಟೆಗೂ ಬಂದಿರಲಿಲ್ಲ. ಶುಕ್ರವಾರ ಸಂಜೆ, ಫ್ಯಾನ್ ಕಾರ್ಖಾನೆಯ ಖರೀದಿ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಮೇಡಂ ಕಿಟಕಿಯಿಂದ ಅದನ್ನು ನೋಡಿಬಿಟ್ಟರು.

"ನಾಳೆ ಮಧ್ಯಾಹ್ನ ಎಲ್ಲರೂ ಅದನ್ನ ಹತ್ತೋಣ. ಎರಡು ಗಂಟೆಗೆ ಗೇಟಿಂದ ಬಸ್ಸು," ಎಂದರು. ಆಮೇಲೆ ಇಬ್ಬರನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿದರು. "ವಿಭಾಗದ ಮುಖ್ಯಸ್ಥರ ಜಾಗ ಖಾಲಿ ಇದೆ. ನಿಮ್ಮಿಬ್ಬರಲ್ಲಿ ಒಬ್ಬರು. ಆ ಮಾತನ್ನ ನಾನು ಆಫೀಸಲ್ಲಿ ಆಡಲ್ಲ. ಗುಡ್ಡದ ಮೇಲೆ ಆಡ್ತೀನಿ. ಏದುಸಿರು ಬಿಡ್ತಾ ಇರೋವಾಗ ಮನುಷ್ಯ ಸುಳ್ಳು ಹೇಳಲ್ಲ."

ಇಬ್ಬರಲ್ಲಿ ಒಬ್ಬ ಉಗ್ರಾಣದ ಮೇಲ್ವಿಚಾರಕ. ಮೇಲಿನವರು ಏನೇ ಹೇಳಲಿ, ವಾಕ್ಯ ಮುಗಿಯುವ ಮೊದಲೇ "ಆಯ್ತು ಸಾರ್" ಎನ್ನುವ ಅಭ್ಯಾಸದಿಂದ ಅವನಿಗೆ ಆ ಹೆಸರೇ ಅಂಟಿಕೊಂಡಿತ್ತು. ಮೇಡಂ ಬಂದ ಮೇಲೆ "ಆಯ್ತು ಮೇಡಂ" ಎನ್ನಲು ಅವನಿಗೆ ಒಂದು ಬೆಳಗ್ಗೆ ಸಾಕಾಗಿತ್ತು.

ಇನ್ನೊಬ್ಬ ನಮ್ಮ ಕೊಟೇಶನ್. ಖರೀದಿ ಗುಮಾಸ್ತ. ಮೂರು ಅಂಗಡಿಯ ದರ ತರಿಸಿ ತಾಳೆ ನೋಡದೆ ಏನನ್ನೂ ಕೊಳ್ಳಬಾರದೆಂಬುದು ಕಾರ್ಖಾನೆಯ ನಿಯಮ. ಬೇರೆ ಗುಮಾಸ್ತರಿಗೆ ಅದು ನಿಯಮವಾಗಿದ್ದರೆ ಇವನಿಗೆ ರಕ್ತದ ಗುಂಪಾಗಿತ್ತು. ಆಫೀಸಿನ ಶೌಚಾಲಯದ ಬಲ್ಬು ಸುಟ್ಟುಹೋದಾಗ ಇವನು ಮೂರು ಕೊಟೇಶನ್ ತರಿಸಿ, ಹೋಲಿಸಿ, ಮುಗಿಸುವಷ್ಟರಲ್ಲಿ ಇಡೀ ಸಿಬ್ಬಂದಿ ಕತ್ತಲಲ್ಲೇ ಕೆಲಸ ಮುಗಿಸುವುದನ್ನು ಕಲಿತುಬಿಟ್ಟಿತ್ತು. ಹದಿನೇಳು ವರ್ಷ ಹೀಗೆ ಕಂಪನಿಯ ದುಡ್ಡು ಉಳಿಸಿದವನಿಗೆ ಮುಖ್ಯಸ್ಥನ ಕುರ್ಚಿ ಬರಲೇಬೇಕಿತ್ತು. ಹೋದ ಸಲ ಬರಲಿಲ್ಲ. ಅದಕ್ಕೂ ಹಿಂದಿನ ಸಲವೂ ಬರಲಿಲ್ಲ. ಈ ಸಲ ಬರದಿದ್ದರೆ ಇವನ ನಿವೃತ್ತಿಯವರೆಗೂ ಆ ಕುರ್ಚಿಯಿಂದ ಯಾರೂ ಎದ್ದು ಹೋಗುವಂತಿರಲಿಲ್ಲ.

ಅಂಥವನ ಬಳಿ ಇದ್ದದ್ದು ಒಂದು ಜೊತೆ ಸವೆದ ಚಪ್ಪಲಿ, ಮದುವೆ ಮನೆಗಳಿಗೆಂದು ಇಟ್ಟಿದ್ದ ಒಂದು ಜೊತೆ ಕಪ್ಪು ಬೂಟು.

"ಬೀದಿ ಕೊನೇಲಿ ಚಪ್ಪಲಿ ಅಂಗಡಿ ಇದೆಯಲ್ಲ, ಒಂದು ಕ್ಯಾನ್ವಾಸ್ ಶೂ ತಗೊಂಡು ಬನ್ನಿ, ಮುಗೀತು," ಎಂದಳು ಹೆಂಡತಿ ಶನಿವಾರ ಬೆಳಗ್ಗೆ.

"ಒಂದೇ ಅಂಗಡಿ ನೋಡಿ?" ಕೊಟೇಶನ್ ಅವಳನ್ನು ಲಂಚ ಕೇಳಿದವಳಂತೆ ನೋಡಿದ.

"ನನ್ನನ್ನೂ ಮೂರು ಕಡೆ ನೋಡಿಯೇ ತಾನೆ ಒಪ್ಪಿದ್ದು? ನಾನು ಮೂರನೆಯವಳು ಅಂತ ನಿಮ್ಮಮ್ಮನೇ ಹೇಳಿದ್ರು. ಪಾಪ, ಮಿಕ್ಕ ಇಬ್ಬರು ಪುಣ್ಯ ಮಾಡಿದ್ರು."

ಅಷ್ಟರಲ್ಲಿ ಅವಳ ತಮ್ಮ ಸ್ಕೂಟರ್ ಹಾರ್ನ್ ಬಾರಿಸುತ್ತ ಬಂದ. ಮಿಕ್ಸಿ ರಿಪೇರಿ ಮಾಡುವ ಈ ಭಾವಮೈದುನನಿಗೆ ಮಿಕ್ಸಿಯೊಂದನ್ನು ಬಿಟ್ಟು ಜಗತ್ತಿನ ಎಲ್ಲದರ ಬಗ್ಗೆಯೂ ಖಚಿತ ಅಭಿಪ್ರಾಯವಿತ್ತು.

"ಭಾವ, ಬೆಟ್ಟ ಹತ್ತೋ ಸಾಮಾನಿಗೆ ಊರಲ್ಲಿ ದೊಡ್ಡ ಅಂಗಡಿ ಮೂರೇ. ಹತ್ತಿ, ಮೂರಕ್ಕೂ ಹೋಗೋಣ."

ಮೂರು ಎಂಬ ಸಂಖ್ಯೆ ಕೇಳಿಯೇ ಕೊಟೇಶನ್‌ನ ಮುಖ ಅರಳಿತು.

ಮೊದಲನೆಯದು ಬೈಪಾಸ್ ರಸ್ತೆಯ ಗೋದಾಮು. ವಿಮಾನ ನಿಲ್ಲಿಸುವಷ್ಟು ದೊಡ್ಡ ತಗಡಿನ ಶೆಡ್ಡು. ಒಳಗೆ ಡೇರೆ, ದೋಣಿ, ಸೈಕಲ್ಲು, ಮೀನಿನ ಗಾಳ, ಎಲ್ಲ ರಾಶಿ ರಾಶಿ. ಬೆಲೆ ಮಾತ್ರ ಕಣ್ಣು ಉಜ್ಜಿ ನೋಡುವಷ್ಟು ಕಡಿಮೆ. ಕೇಳಲು ಒಬ್ಬ ನರಪಿಳ್ಳೆಯೂ ಇರಲಿಲ್ಲ. ಶೂಗಳ ಗುಡ್ಡೆಯಲ್ಲಿ ಕಿತ್ತಳೆ ಬಣ್ಣದ್ದೊಂದು ಜೊತೆ ಎಳೆದು ಕೊಟೇಶನ್ ಕಾಲಿಗೆ ತೂರಿಸಿದ. ರಾಶಿಯಲ್ಲಿ ಜೊತೆ ತಪ್ಪದಿರಲೆಂದು ಎರಡನ್ನೂ ಗೇಣುದ್ದದ ಪ್ಲಾಸ್ಟಿಕ್ ದಾರದಿಂದ ಬಿಗಿದಿದ್ದರು. ಆ ದಾರದಲ್ಲೇ ಅವನು ನಾಲ್ಕು ಹೆಜ್ಜೆ ನಡೆದ.

"ಹೇಗಿದೆ ಭಾವ?"

"ಜೈಲಿಗೆ ಕರಕೊಂಡು ಹೋಗ್ತಿರೋ ಹಾಗಿದೆ."

ಹಿಮ್ಮಡಿಯ ಹತ್ತಿರ ಒಳಗಡೆ ಒಂದು ಹೊಲಿಗೆ ತಗಡಿನ ಅಂಚಿನಂತೆ ಚುಚ್ಚುತ್ತಿತ್ತು. ಬೆಲೆಗೆ ಹತ್ತಕ್ಕೆ ಹತ್ತು, ಉಳಿದದ್ದಕ್ಕೆ ಸೊನ್ನೆ ಎಂದು ಮನಸ್ಸಿನಲ್ಲೇ ಅಂಕ ಕೊಟ್ಟು ಹೊರಬಿದ್ದ.

ಎರಡನೆಯದು ಪೇಟೆ ನಡುವಿನ ಐದಂತಸ್ತಿನ ಅಂಗಡಿ. ಇಲ್ಲಿ ಆಯ್ಕೆಗೆ ಕೊನೆಯಿರಲಿಲ್ಲ. ಕನ್ನಡಕ ಹಾಕಿದ ಮಾರಾಟಗಾರನೊಬ್ಬ ಎದುರು ಬಂದು ನಿಂತ, ಡಾಕ್ಟರು ರೋಗಿಯ ಮುಂದೆ ನಿಲ್ಲುವ ಹಾಗೆ.

"ಬೆಟ್ಟದ ಶೂ ಅಂದ್ರೆ ಯಾವ ಬೆಟ್ಟ ಸಾರ್? ಕಲ್ಲಾ? ಮಣ್ಣಾ? ಸಡಿಲ ಕಲ್ಲಾ?"

"ಕಲ್ಲು."

"ಒಣ ಕಲ್ಲಾ, ಪಾಚಿ ಕಲ್ಲಾ?"

"ಒಣ..."

"ಹತ್ತೋಕೆ ಬೇಕಾ, ಇಳಿಯೋಕೆ ಬೇಕಾ?"

ಕೊಟೇಶನ್ ತಬ್ಬಿಬ್ಬಾದ. "ಹತ್ತಿದ ಮೇಲೆ ಇಳೀಲೇಬೇಕಲ್ವೇನ್ರಿ?"

"ಹಾಗಂತ ಎಲ್ಲರೂ ಅಂದ್ಕೊಂಡಿರ್ತಾರೆ ಸಾರ್," ಎಂದು ಮಾರಾಟಗಾರ ನಿಟ್ಟುಸಿರು ಬಿಟ್ಟ.

ಮೂರನೇ ಮಹಡಿಯಲ್ಲಿ ಕಣಕಾಲು ಮುಚ್ಚುವವು, ನಾಲ್ಕನೆಯದರಲ್ಲಿ ಮುಚ್ಚದವು. ಹಾಕು, ಬಿಚ್ಚು, ಹಾಕು, ಬಿಚ್ಚು. ಭಾವಮೈದುನ ಒಂದು ಡೇರೆಯೊಳಗೆ ಹೊಕ್ಕು ಗೊರಕೆ ಹೊಡೆಯತೊಡಗಿದ. ಬಗ್ಗಿ ಬಗ್ಗಿ ದಾರ ಕಟ್ಟಿದ ಕೊಟೇಶನ್‌ಗೆ ಗುಡ್ಡ ಹತ್ತುವ ಮೊದಲೇ ಸೊಂಟ ಹಿಡಿಯಿತು. ಕೊನೆಗೆ ಮೊದಲು ಹಾಕಿ ನೋಡಿದ್ದು ಯಾವುದೆಂದು ಅವನಿಗೂ ನೆನಪಿರಲಿಲ್ಲ, ಮಾರಾಟಗಾರನಿಗೂ ನೆನಪಿರಲಿಲ್ಲ. ಆಯ್ಕೆಗೆ ಹತ್ತು, ಜೀವಕ್ಕೆ ಸೊನ್ನೆ.

ಗಂಟೆ ಹನ್ನೆರಡಾಗುತ್ತಿತ್ತು. ಮೂರನೆಯ ಅಂಗಡಿ ಇಡೀ ಗಾಜಿನದು. ಬಾಗಿಲಲ್ಲಿ ಕಾಡಿನ ವಾಸನೆಯನ್ನು ಯಂತ್ರದಿಂದ ಊದುತ್ತಿದ್ದರು. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು: "ನಾವು ವಸ್ತು ಮಾರುವುದಿಲ್ಲ, ಅನುಭವ ಕೊಡುತ್ತೇವೆ."

"ಹಾಗಾದ್ರೆ ಬಿಲ್ಲು ಯಾತಕ್ಕೆ ಹಾಕ್ತಾರಂತೆ?" ಎಂದ ಭಾವಮೈದುನ.

ಬೆಲೆ ನೋಡಿ ಕೊಟೇಶನ್‌ನ ಕೈ ತಾನಾಗಿಯೇ ಹಿಂದೆ ಸರಿಯಿತು. ಅರ್ಧ ತಿಂಗಳ ಸಂಬಳ. ಆದರೆ ಕಾಲಿಟ್ಟ ಕೂಡಲೇ ಆ ಶೂ ಹಳೆಯ ಗೆಳೆಯನಂತೆ ಪಾದವನ್ನು ತಬ್ಬಿಕೊಂಡಿತು.

"ಹಾಗೇ ತಗೋಬೇಡಿ ಸಾರ್. ಹತ್ತಿ ನೋಡಿ ತಗೊಳ್ಳಿ," ಎಂದ ಅಲ್ಲಿಯ ಸಮವಸ್ತ್ರದವನು. ಅಂಗಡಿಯ ನಟ್ಟನಡುವೆ ಎರಡು ಮಹಡಿ ಎತ್ತರದ ನಕಲಿ ಬಂಡೆ ನಿಂತಿತ್ತು. ಬೇಡ ಬೇಡ ಎನ್ನುವಷ್ಟರಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗ ಸಿಕ್ಕಿಸಿ, ತಲೆಗೊಂದು ಚಿಪ್ಪು ಹಾಕಿಬಿಟ್ಟರು. "ಹತ್ತಿ ಭಾವ! ಅನುಭವ ಬಿಟ್ಟಿ!" ಎಂದು ಭಾವಮೈದುನ ಹುರಿದುಂಬಿಸಿದ.

ಆಶ್ಚರ್ಯವೆಂದರೆ ಕೊಟೇಶನ್ ಹತ್ತಿಯೇಬಿಟ್ಟ. ಅಷ್ಟು ಒಳ್ಳೆಯ ಶೂ ಅದು. ತುದಿ ಮುಟ್ಟಿ ಕೆಳಗೆ ನೋಡಿದ, ತಲೆ ಗಿರ್ರೆಂದಿತು, ಕೈ ಬಿಟ್ಟ. ಸರಸರನೆ ಇಳಿಸಬೇಕಾಗಿದ್ದ ಯಂತ್ರ ಅದೇ ಗಳಿಗೆಯಲ್ಲಿ ಕೆಟ್ಟು ನಿಂತಿತು. ತಂತಿಯ ಮೇಲಿನ ಒದ್ದೆ ಪಂಚೆಯಂತೆ ಅವನು ಮೆಲ್ಲಗೆ ಸುತ್ತುತ್ತ ತೂಗಾಡಿದ. ಕೆಳಗೆ ಜನ ಸೇರಿದರು. ಎಲ್ಲರ ಫೋನುಗಳೂ ಮೇಲೆ ತಿರುಗಿದವು.

ಆಗ ಅವನ ಜೇಬಿನಲ್ಲೂ ಫೋನು ಹೊಡೆದುಕೊಂಡಿತು. ಉಗ್ರಾಣದ ಆಯ್ತು ಸಾರ್.

"ಸಾರ್, ಎಲ್ಲಿದ್ದೀರಿ? ಫ್ಯಾನ್ ಸದ್ದು ಜೋರಾಗಿ ಕೇಳಿಸ್ತಿದೆ."

"ಹತ್ತಿರ ಇದೆ ಫ್ಯಾನು," ಎಂದ ಕೊಟೇಶನ್, ತಲೆಯ ಪಕ್ಕದಲ್ಲೇ ಗಿರಗಿರನೆ ತಿರುಗುತ್ತಿದ್ದ ಚಾವಣಿ ಫ್ಯಾನಿನ ರೆಕ್ಕೆಗಳನ್ನು ನೋಡುತ್ತ.

"ಶೂ ತಗೊಳ್ಳೋಕೆ ಹೋಗಿದ್ದೀರಂತೆ. ನನಗೆ ಇವತ್ತೂ ಡ್ಯೂಟಿ ಸಾರ್, ಲಾರಿ ಬಂದಿದೆ, ಒಂದೂವರೆ ತನಕ ಬಿಡೋ ಹಾಗಿಲ್ಲ. ನನಗೂ ಒಂದು ಜೊತೆ ತರ್ತೀರಾ? ಒಂಬತ್ತನೇ ನಂಬರು. ಯಾವ ಅಂಗಡಿ ಅಂತ ಕೇಳಲ್ಲ ಸಾರ್, ನೀವು ನೋಡಿ ತಂದ್ರೆ ಅದರ ಮುಂದೆ ಮಾತಿಲ್ಲ."

ಕೆಳಗೆ ಇಬ್ಬರು ಏಣಿ ತರುತ್ತಿದ್ದರು. ಏಣಿ ಗಿಡ್ಡವಾಗಿತ್ತು. ಇನ್ನೊಂದು ತರಲು ಓಡಿದರು. ಕೊಟೇಶನ್‌ಗೆ ಯೋಚಿಸಲು ಸಮಯ ಸಿಕ್ಕಿತು. ಮನುಷ್ಯನಿಗೆ ಅಂಥ ಸಮಯ ಸಿಗಬಾರದು. ಹದಿನೇಳು ವರ್ಷದಲ್ಲಿ ಅವನು ಒಂದೇ ಒಂದು ಕೆಟ್ಟ ಖರೀದಿ ಮಾಡಿರಲಿಲ್ಲ. ಒಂದು ಮಾಡಿದರೆ ಏನಾದೀತು? ಗುಡ್ಡದ ಮೇಲೆ ಮೇಡಂ ಜೊತೆ ಇಬ್ಬರು ನಿಲ್ಲುವ ಬದಲು ಒಬ್ಬನೇ ನಿಂತರೆ?

"ತರ್ತೀನಿ. ಅದಕ್ಕೇನಂತೆ," ಎಂದ.

ಇಳಿಸುವಷ್ಟರಲ್ಲಿ ಒಂದು ಗಂಟೆ ಹೊಡೆದಿತ್ತು. ಅವಮಾನಕ್ಕೆ ರಿಯಾಯಿತಿಯೇನೂ ಇರಲಿಲ್ಲ. ಪೂರ್ತಿ ಬೆಲೆ ತೆತ್ತು ಆ ಶೂ ಕೊಂಡ.

"ಈಗ ಗೋದಾಮಿಗೆ ಬಿಡು," ಎಂದ ಭಾವಮೈದುನನಿಗೆ.

"ಅದು ಊರಾಚೆ ಭಾವ! ಬಸ್ಸು ತಪ್ಪುತ್ತೆ. ಇಲ್ಲೇ ಪಕ್ಕದಲ್ಲಿ ಇನ್ನೊಂದು ಜೊತೆ..."

"ಬಿಡು ಅಂದ್ನಲ್ಲ."

ಸ್ಕೂಟರಿನ ಹಿಂದೆ ಗಟ್ಟಿಯಾಗಿ ಹಿಡಿದು ಕೂತು ಅವನು ಗೋದಾಮಿಗೆ ಹೋದ. ರಾಶಿಯಿಂದ ಅದೇ ಕಿತ್ತಳೆ ಶೂ ಎಳೆದ. ಒಂಬತ್ತನೆಯ ನಂಬರು ಕೈಗೆ ಸಿಕ್ಕಿತು. ಅದನ್ನು ಬಿಟ್ಟು, ಅಡಿಯಲ್ಲಿ ಹುಡುಕಿ ಹುಡುಕಿ ಎಂಟನೆಯದನ್ನು ತೆಗೆದ. ನೇರ ಹೋಗಿ ಬಿಲ್ಲು ಮಾಡಿಸಿದ. ಮೊದಲ ಸಲ ಅವನು ಕೊಟೇಶನ್ ಇಲ್ಲದೆ ಏನನ್ನೋ ನಿರ್ಧರಿಸಿದ್ದ.

ಗೇಟಿನ ಹತ್ತಿರ ಬಸ್ಸು ಹೊರಡುವುದರಲ್ಲಿತ್ತು. ಆಯ್ತು ಸಾರ್ ಬೆವರು ಒರೆಸಿಕೊಳ್ಳುತ್ತ ಓಡಿಬಂದ. "ಏನು ಬಣ್ಣ ಸಾರ್! ಬೆಂಕಿ!" ಎಂದು ಶೂಗಳನ್ನು ಕಣ್ಣಿಗೊತ್ತಿಕೊಂಡು ಹಿಂದಿನ ಸೀಟಿಗೆ ಹೋದ.

ಮುಂದಿನ ಸೀಟಿನಲ್ಲಿ ಮೇಡಂ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರ ಕಾಲಲ್ಲಿ ಕಿತ್ತಳೆ ಬಣ್ಣದ ಶೂ.

ಕೊಟೇಶನ್ ಬಗ್ಗಿ ಇನ್ನೊಮ್ಮೆ ನೋಡಿದ. ಅದೇ ಗೋದಾಮು, ಅದೇ ರಾಶಿ. "ಬೆಳಗ್ಗೆ ಹೋದೆ, ಕಣ್ಣಿಗೆ ಬಿದ್ದಿದ್ದು ತಗೊಂಡೆ, ಬಂದೆ. ಹತ್ತು ನಿಮಿಷ," ಎಂದು ಮೇಡಂ ಪಕ್ಕದವರಿಗೆ ಹೇಳುತ್ತಿದ್ದರು. ಅವರದು ಅವರ ಕಾಲಿನ ಅಳತೆಯದೇ ಇದ್ದೀತು, ಹೇಗೋ ಹತ್ತುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಂಡ.

ಗುಡ್ಡದ ಬುಡದಲ್ಲಿ ಎಲ್ಲರೂ ಒಟ್ಟಿಗೆ ಹೊರಟರು. ಲೆಕ್ಕಪತ್ರದವರು ಮೊದಲ ಮರದ ನೆರಳಲ್ಲೇ ಫೋಟೋ ತೆಗೆಯುತ್ತ ನಿಂತರು, ಟೈಪಿಸ್ಟ್ ಬಳಗ ಎರಡನೆಯದರಲ್ಲಿ ಬುತ್ತಿ ಬಿಚ್ಚಿತು. ಕೊಟೇಶನ್ ಮಾತ್ರ ಮೇಕೆಯಂತೆ ಬಂಡೆಯಿಂದ ಬಂಡೆಗೆ ನೆಗೆದ. ಶೂ ಕಲ್ಲನ್ನು ಕಚ್ಚಿ ಹಿಡಿಯುತ್ತಿತ್ತು. ಹಿಂದಿನಿಂದ "ಅಮ್ಮಾ" ಎಂದು ಆಯ್ತು ಸಾರ್ ನರಳಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಇನ್ನೊಂದು ಸಲ ಯಾರೋ ನರಳಿದರು. ಅದು ಹೆಣ್ಣು ದನಿಯಾಗಿತ್ತೇ ಎಂದು ಅನುಮಾನವಾಯಿತು. ಆಗಲೂ ತಿರುಗಲಿಲ್ಲ. ಮೊದಲು ತಲುಪಿ, ಉಸಿರು ಹದ ಮಾಡಿಕೊಂಡು, ಮೇಡಂ ಬರುವಾಗ ಕೈ ಕೊಟ್ಟು ಮೇಲೆತ್ತಿಕೊಳ್ಳಬೇಕು. ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಹತ್ತಿದ.

ತುದಿಯಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಊರೆಲ್ಲ ಕಾಲ ಕೆಳಗಿತ್ತು. ಕಾದ. ಅಂಗಿ ಸರಿಪಡಿಸಿಕೊಂಡು ಕಾದ. ಹೊತ್ತು ಇಳಿಯತೊಡಗಿದಾಗ ಅಂಚಿಗೆ ಬಂದು ಬಗ್ಗಿ ನೋಡಿದ.

ಬುಡದಿಂದ ಸ್ವಲ್ಪವೇ ಮೇಲೆ ಒಂದು ಚಪ್ಪಟೆ ಕಲ್ಲು. ಅದರ ಮುಂದೆ ನಾಲ್ಕು ಕಿತ್ತಳೆ ಚುಕ್ಕಿ ಸಾಲಾಗಿ ಕಾಣುತ್ತಿದ್ದವು, ಬಿಚ್ಚಿಟ್ಟ ಶೂಗಳು. ಕಲ್ಲಿನ ಮೇಲೆ ಇಬ್ಬರು ಬರಿಗಾಲಲ್ಲಿ ಕೂತು ಕೈ ತಿರುವಿ ತಿರುವಿ ಮಾತಾಡುತ್ತಿದ್ದರು. ನಗುತ್ತಿದ್ದಂತೆಯೂ ಕಂಡಿತು.

ಅವನು ಓಡೋಡಿ ಇಳಿದ. ಇಳಿಯುವುದಕ್ಕೂ ಆ ಶೂ ಚೆನ್ನಾಗಿತ್ತು.

"ಮೇಲಿನ ತನಕ ಹೋಗಿ ಬಂದ್ರಾ? ಭೇಷ್!" ಎಂದರು ಮೇಡಂ, ಹಿಮ್ಮಡಿಯ ಗುಳ್ಳೆಗೆ ಗಾಳಿ ಊದಿಕೊಳ್ಳುತ್ತ. "ನೋಡಿ, ನಮ್ಮಿಬ್ಬರದೂ ಒಂದೇ ಶೂ, ಒಂದೇ ಕಡೆ ಗಾಯ. ಎರಡು ಗಂಟೆ ಹೊತ್ತು ಇಲ್ಲೇ ಕೂತ್ವಿ. ಇಷ್ಟು ದಿನ ನಾನು ಇವರನ್ನ ಬರೀ ತಲೆಯಾಡಿಸೋ ಮನುಷ್ಯ ಅಂದ್ಕೊಂಡಿದ್ದೆ. ಕಾಲಲ್ಲಿ ರಕ್ತ ಬರ್ತಿದೆ, ನಿಮ್ಮ ಮೇಲೆ ಒಂದು ಮಾತಿಲ್ಲ! 'ಪಾಪ, ಊರೆಲ್ಲ ಸುತ್ತಿ ತಂದ್ಕೊಟ್ರು, ನನ್ನ ಕಾಲೇ ಸರಿಯಿಲ್ಲ' ಅಂತಾರೆ. ಅಂಥವರ ಕೈ ಕೆಳಗೆ ಜನ ಕೆಲಸ ಮಾಡ್ತಾರೆ. ಮುಖ್ಯಸ್ಥರು ಇವರೇ, ತೀರ್ಮಾನ ಆಯ್ತು. ನೀವು ಹೇಗೂ ಇವರ ಸ್ನೇಹಿತರು. ನಿಮಗೇ ಎಲ್ಲರಿಗಿಂತ ಜಾಸ್ತಿ ಸಂತೋಷ ಆಗಿರ್ಬೇಕು."

"ಆಯ್ತು ಮೇಡಂ," ಎಂದಿತು ಕೊಟೇಶನ್‌ನ ಬಾಯಿ.

ಕರೆಯಲು ಬಂದ ಚಾಲಕನ ಹೆಗಲು ಹಿಡಿದು ಮೇಡಂ ಬಸ್ಸಿನತ್ತ ಕುಂಟುತ್ತ ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಇವರು ಬಸ್ಸಿನ ತನಕ ಹೇಗೆ ನಡೀತಾರೆ? ನಿಮ್ಮ ಶೂ ಸ್ವಲ್ಪ ಕೊಡಿ. ನಿಮ್ಮ ಕಾಲು ಚೆನ್ನಾಗಿದೆಯಲ್ಲ."

ಕೊಟೇಶನ್ ಕೂತು ದಾರ ಬಿಚ್ಚಿದ. ಹೊಸ ಮುಖ್ಯಸ್ಥ ಆ ಅರ್ಧ ತಿಂಗಳ ಸಂಬಳದೊಳಗೆ ಪಾದ ಇಳಿಸಿ, ಬೆರಳು ಆಡಿಸಿ ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಇದಲ್ವಾ ಸಾರ್ ಒಂಬತ್ತು," ಎಂದು ಮೆಲ್ಲಗೆ ಹೇಳಿದ. "ಅದು ಎಂಟು ಅಂತ ಬಸ್ಸಲ್ಲೇ ನೋಡ್ದೆ. ಹಾಕ್ಕೊಂಡೇ ಹತ್ತೋಣ, ಏನಾಗುತ್ತೋ ನೋಡೋಣ ಅಂದ್ಕೊಂಡೆ."

ಅವನು ಎದ್ದು ಸಲೀಸಾಗಿ ನಡೆದುಹೋದ. ಕಲ್ಲಿನ ಮುಂದೆ ಉಳಿದಿದ್ದ ಎರಡು ಜೊತೆ ಕಿತ್ತಳೆ ಶೂಗಳನ್ನು ಕಂಕುಳಲ್ಲಿ ಇರುಕಿಕೊಂಡು, ಮುಳ್ಳು ನೋಡಿ ನೋಡಿ ಹೆಜ್ಜೆಯಿಡುತ್ತ, ಕೊಟೇಶನ್ ಬರಿಗಾಲಲ್ಲಿ ಹಿಂದೆ ಬಂದ. ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು.