ವೈಫೈ ಕಾಯಾಕ ಗನ್‌ಮ್ಯಾನ್

ಬಳ್ಳಾರಿಯಾಗ ಕಂಪ್ಯೂಟರ್ ರಿಪೇರಿ ಮಾಡೋ ನನ್ನಂಥವನು ನಗಾಕ ಬ್ಯಾರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಗಳೇ ಕರದು ನಗಿಸ್ತಾರ. ಅದಿರಿನ ಧೂಳಿಗೆ ಊರೆಲ್ಲ ಕೆಂಪಾಗಿದ್ದ ಕಾಲ ಅದು. ನಿನ್ನೆ ಲಾರಿ ಓಡಿಸಿದವ್ರು ಇವತ್ತು ಧಣಿ. ಅಂಥಾ ಧಣಿ ಒಬ್ರು ಗಾಂಧಿನಗರದಾಗ ಮನಿ ಕಟ್ಟಿಸಿ, ಕೆಳಗ ಆಫೀಸು ಮಾಡಿ, ನನ್ನ ಕೈಲಿ ವೈಫೈ ಹಾಕಿಸಿದ್ರು. ಅವರೊಬ್ರೇ ಸಾಕಾದ್ರು ನನಗ.

೧. ಊರಿಗೆಲ್ಲ ಒಂದೇ ವೈಫೈ

"ಪಾಸ್‌ವರ್ಡ್ ಏನಿಡ್ಲಿ ಧಣಿ?" ಅಂದೆ.

"ಏ, ಬಂದೋರಿಗೆ ನೀರು ಕೊಡೋ ಕೊಡಕ್ಕ ಯಾರರ ಬೀಗ ಹಾಕ್ತಾರೇನಪಾ? ಹಂಗ ಬಿಡು."

ಬಿಟ್ಟೆ. ವಾರದಾಗ ಎದುರಿನ ಲಾಡ್ಜಿನವ್ರು "ಇಲ್ಲಿ ವೈಫೈ ಫ್ರೀ" ಅಂತ ಬೋರ್ಡ್ ತೂಗಹಾಕಿದ್ರು. ಧಣಿಗೆ ಸಿಟ್ಟು ಬರಬೇಕಲ್ಲ? ನನ್ನ ಕರದು ಬೋರ್ಡ್ ತೋರಿಸಿ, "ನೋಡಲೇ, ನಮ್ಮ ವೈಫೈ ಎಷ್ಟು ಹೆಸರು ಮಾಡೈತಿ!" ಅಂದ್ರು.

೨. ಸೆಕ್ಯುರಿಟಿ

ಕುರುಗೋಡಿನಾಗ ಒಂದು ಕಂಪ್ಯೂಟರ್ ಬಿಚ್ಚಿಕೊಂಡು ಕುಂತಿದ್ದೆ, ಧಣಿ ಫೋನು. "ಲೇ, ಕಂಪ್ಯೂಟರ್ 'ಸೆಕ್ಯುರಿಟಿ ಇಲ್ಲ' ಅನ್ನಾಕತ್ತೈತಿ!"

"ಖರೇನ ಹೇಳ್ತೈತಿ ಧಣಿ. ಲಗೂನ ಸೆಕ್ಯುರಿಟಿ ಹಾಕ್ರಿ, ಇಲ್ಲಂದ್ರ ಬೀದ್ಯಾಗ ಕುಂತೋರು ನಿಮ್ಮ ಮೇಲ್ ಓದ್ತಾರ."

ಮರುದಿನ ಹೋದ್ರ ವೈಫೈ ಪೆಟ್ಟಿಗಿ ಪಕ್ಕ ಕುರ್ಚಿ. ಕುರ್ಚಿ ಮ್ಯಾಲೆ ತೆಕ್ಕಲಕೋಟೆಯಿಂದ ಕರೆಸಿದ ಗನ್‌ಮ್ಯಾನ್, ಗಿರಿಜಾ ಮೀಸಿ, ತೊಡಿ ಮ್ಯಾಲೆ ಬಂದೂಕು. ನಾ ಪೆಟ್ಟಿಗಿ ಮುಟ್ಟಾಕ ಹೋದ್ರ ಎದ್ದು ನಿಂತುಬಿಟ್ಟ.

"ಇದನ್ನ ಹಾಕಿದವನೇ ನಾನು ಮಾರಾಯಾ!"

"ಹಾಕಿದವನ ಮ್ಯಾಲೇ ಮೊದ್ಲು ಕಣ್ಣಿಡು ಅಂದಾರ್ರಿ ಧಣಿ."

೩. ಬ್ಯಾಡಾದ ಸಂಬಂಧ

ಧಣಿ ಮಗಳು ಇನ್ನೂ ಇಂಜಿನಿಯರಿಂಗ್ ಓದ್ತಿದ್ಲು. ಸಿರುಗುಪ್ಪದ ರೈಸ್‌ಮಿಲ್ಲಿನವರ ಮನಿ ಸಂಬಂಧ ಗಟ್ಟಿ ಆಗಿತ್ತು. ಫೋಟೋ, ಜಾತಕ ಎಲ್ಲಾ ಮೇಲ್‌ನಾಗ ಓಡಾಡಿದ್ವು. ಅಷ್ಟರಾಗ ಧಣಿ ಹೆಸರಿನ ಮೇಲ್‌ನಿಂದ ಬೀಗರಿಗೆ ಒಂದು ಮಾತು ಹೋತು: "ಈ ಸಂಬಂಧ ಬ್ಯಾಡ್ರಿ."

ಬೀಗರು ಕೆಂಡಾಮಂಡಲ. ಧಣಿ ಕಣ್ಣಾಗ ನೀರು. "ಲಾಡ್ಜಿನ್ಯಾಗಿನ ಯಾವನೋ ನನ್ನ ಮೇಲ್ ಕದ್ದಾನಲೇ! ನನ್ನ ಮಗಳ ಮದುವಿ ಹಾಳಾತು!"

ನಾನೂ ಅದನ್ನ ನಂಬಿದೆ. ಬಾಗಿಲು ತೆರದಿಟ್ಟಂಗ ಇದ್ದ ವೈಫೈ, ಯಾರು ಬೇಕಾದ್ರೂ ಕದಿಯಬಹುದಿತ್ತು. ಅವತ್ತೇ ವೈಫೈಗೂ ಮೇಲ್‌ಗೂ ಮಾರುದ್ದದ ಹೊಸಾ ಪಾಸ್‌ವರ್ಡ್ ಹಾಕಿದೆ. ಧಣಿ ಸಿರುಗುಪ್ಪಕ್ಕ ಹೋಗಿ, ಬೀಗರ ಕೈಕಾಲು ಹಿಡದು ಒಪ್ಪಿಸಿದ್ರು. ಅವರು ವಾಪಸ್ ಬರೋದ್ರಾಗ ಬೀಗರಿಗೆ ಇನ್ನೊಂದು ಮೇಲ್: "ಮೊದ್ಲು ಬರದ ಮಾತೇ ಖರೆ."

ಧಣಿ ನನ್ನ ಕೊರಳಪಟ್ಟಿ ಹಿಡಿದ್ರು. "ಬೀಗ ಹಾಕೀನಿ ಅಂದಿ, ಕಳ್ಳ ಹೆಂಗ ಬಂದ?"

ಗನ್‌ಮ್ಯಾನ್ ನಡುವ ಬಂದ. "ಯಾವ ಕಳ್ಳನೂ ಬಂದಿಲ್ರಿ. ಇಲ್ಲಿ ಕುಂತು ಟೈಪ್ ಮಾಡಿದ್ದು ನಮ್ಮ ಅಕ್ಕಾರು ಒಬ್ರೇ."

ಎಲ್ಲಾರೂ ಬಾಗಿಲ್ಯಾಗ ನಿಂತಿದ್ದ ಮಗಳ ಕಡೆ ತಿರುಗಿದ್ವಿ. ಆಕಿ ಅಳುಕಲಿಲ್ಲ. "ಓದು ಮುಗೀಲಿ ಅಂತ ಬಾಯಾಗ ಎಷ್ಟು ಹೇಳಿದೆ, ನೀವು ಕೇಳಲಿಲ್ಲಪ್ಪಾಜಿ. ಅದಕ್ಕ ಬರದೆ."

"ಅಷ್ಟುದ್ದದ ಪಾಸ್‌ವರ್ಡ್ ನಿನಗ ಹೇಳಿದವ್ರು ಯಾರವ್ವಾ?"

"ನೀವೇ! 'ನನಗ ನೆನಪಿರಂಗಿಲ್ಲ, ನಂಬಿಕಸ್ತರು ಬ್ಯಾರೆ ಯಾರೂ ಇಲ್ಲ, ನೀ ನೆನಪಿಟ್ಕೋ ಮಗಳ' ಅಂದ್ರಲ್ಲ."