ಊರು ಬಿಟ್ಟವರ ಅಡ್ಡಹೆಸರು

ಕೆಲವರನ್ನು ನೆಂಟರು ಹುಡುಕಿಕೊಂಡು ಬರುತ್ತಾರೆ, ಕೆಲವರನ್ನು ಪೊಲೀಸರು. ನನ್ನನ್ನು ಹುಡುಕಿಕೊಂಡು ಬರುವವರು ಸಂಶೋಧಕರು. ತಪ್ಪು ನನ್ನದಲ್ಲ, ಅಡ್ಡಹೆಸರಿನದು.

ವಿಜಯಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ನೌಕರಿ. ಅಡ್ಡಹೆಸರು ಘೋಣಸಗಿ. ಅದು ತಿಕೋಟಾ ಕಡೆಯ ಒಂದು ಹಳ್ಳಿಯ ಹೆಸರು. ಆ ಹೆಸರಿನವರು ನಮ್ಮ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಒಣದ್ರಾಕ್ಷಿಯ ಮೇಲೆ ಪ್ರಬಂಧ ಬರೆದವರೊಬ್ಬರು ಘೋಣಸಗಿ, ಗೋರಿಗಳ ಮೇಲಿನ ಬರಹ ಓದಿದವರೊಬ್ಬರು ಘೋಣಸಗಿ, ಸಕ್ಕರೆ ಬೇನೆಯ ಅಧ್ಯಯನದಲ್ಲಿ ಬೇನೆ ಬಿದ್ದವರೂ ಘೋಣಸಗಿ. ಕಂಪ್ಯೂಟರಿನಲ್ಲಿ ಆ ಹೆಸರು ಹೊಡೆದರೆ ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ. ಹುಡುಕಿದವರು ಮಾತ್ರ ಸೀದಾ ನನ್ನ ಮೇಜಿಗೇ ಬರುತ್ತಾರೆ. ಹೆಸರಿನ ಫಲಕ ಇಟ್ಟುಕೊಂಡು ದಿನವೂ ಒಂದೇ ಕಡೆ ಕೂತಿರುವ ಘೋಣಸಗಿ ನಾನೊಬ್ಬನೇ ಇರಬೇಕು.

ಹಾವು

ಒಮ್ಮೆ ಸೊಲ್ಲಾಪುರದಿಂದ ಒಬ್ಬ ಹುಡುಗಿ ಬಂದಳು. ಹಾವು ಕಡಿದು ಸತ್ತವರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಳು. ಮರಾಠಿಯಲ್ಲಿ ಘೋಣಸ ಅಂದರೆ ಕೊಳಕುಮಂಡಲ ಹಾವು. ಹಾವಿನ ಹೆಸರು ಹುಡುಕಲು ಹೋದವಳಿಗೆ ನಾನು ಸಿಕ್ಕಿದ್ದೆ.

"ಸರ್, ನಿಮ್ಮ ಮನೆತನದಾಗ ಹಾವು ಕಡದು ಯಾರರೆ ಸತ್ತಾರೇನ್ರಿ?"

"ಹೆಸರಿಗೂ ಹಾವಿಗೂ ಸಂಬಂಧ ಐತೋ ಇಲ್ಲೋ ನನಗ ಗೊತ್ತಿಲ್ಲವ್ವ. ಆದರ ನಮ್ಮ ಅತ್ತಿ ಒಬ್ಬಾಕಿ ಹಂಗ ಸತ್ತಾಳ. ದ್ರಾಕ್ಷಿ ತ್ವಾಟದಾಗ ಕಸಾ ತಗಿಯಾಕ ಕುಂತಾಗ ಕಡೀತು."

ಹುಡುಗಿಯ ಮುಖ ಅರಳಿತು. "ಭಾಳ ಚಲೋ ಆತ್ರಿ ಸರ್" ಅಂದಳು. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ನಾನು ಸಣ್ಣವನಿದ್ದಾಗಿನ ಮಾತು ಅದು. ಅತ್ತೆಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ತಿಕೋಟಾದ ಆಸ್ಪತ್ರೆಗೆ ಹೊರಟಿದ್ದರು. ಎತ್ತು ಮೆಲ್ಲಗೆ ಹೋಗುತ್ತಿವೆ ಎಂದು ಅತ್ತೆ ದಾರಿಯುದ್ದಕ್ಕೂ ಎಲ್ಲರನ್ನೂ ಬೈಯುತ್ತಿದ್ದಳಂತೆ. ಬೈಗುಳ ನಿಂತಾಗಲೇ ಆಕೆ ಹೋದದ್ದು ಗೊತ್ತಾಯಿತಂತೆ.

ಸಂಜೆ ಅಕ್ಕನಿಗೆ ಫೋನ್ ಮಾಡಿ ಈ ಹುಡುಗಿಯ ಸುದ್ದಿ ಹೇಳಿದೆ. ಅಕ್ಕ ಅಂದಳು: "ಬದುಕಿರೂತನಕ ಆಕಿನ್ನ ಕಂಡು ಯಾರೂ ನಕ್ಕಿರಲಿಲ್ಲ. ಸತ್ತು ಇಷ್ಟು ವರ್ಷಕ್ಕ ಒಬ್ಬಾಕಿ ಖುಷಿ ಆದಳಲ್ಲ, ಬಿಡು."

ಆಡು

ಇನ್ನೊಬ್ಬ ಇತಿಹಾಸದ ವಿದ್ಯಾರ್ಥಿ. ಪ್ಲೇಗಿನ ಕಾಲದ ಸರಕಾರಿ ಕಾಗದಗಳಲ್ಲಿ ಅವನಿಗೆ ಘೋಣಸಗಿ ಹೆಸರು ಸಿಕ್ಕಿತ್ತು. ನಮ್ಮಜ್ಜ ಸಣ್ಣ ಹುಡುಗನಿದ್ದಾಗ ಪ್ಲೇಗಿಗೆ ಹೆದರಿಯೇ ಅವರ ಮನೆಯವರು ಊರು ಬಿಟ್ಟದ್ದು ಎಂದು ನಾನು ಹೇಳಿದೆ. "ಹಂಗಾರ ನಿಮ್ಮ ಮೂಲ ಮನಿ ನೋಡೂಣು ನಡೀರಿ ಸರ್" ಎಂದು ಹಟ ಹಿಡಿದು ನನ್ನನ್ನು ಘೋಣಸಗಿಗೆ ಕರೆದುಕೊಂಡು ಹೋದ.

ಊರೊಳಗಿನ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಇಲ್ಲಿ ಘೋಣಸಗಿಯವರ ಮನೆ ಯಾವುದು ಎಂದು ವಿದ್ಯಾರ್ಥಿ ಕೇಳಿದ.

"ಇಲ್ಲಿ ಆ ಹೆಸರಿನವ್ರು ಯಾರೂ ಇಲ್ಲರಿ" ಅಂದರು ಅವರು. "ಇಲ್ಲೇ ಇದ್ದವರಿಗೆ ಊರ ಹೆಸರು ಯಾಕ ಬೇಕು? ಅದು ಬಿಟ್ಟು ಹ್ವಾದವರಿಗೆ ಹತ್ತತೈತಿ."

ನಾನು ಅಜ್ಜನ ಕತೆ ಹೇಳಿದೆ. ಆಗ ಅವರು ಎದ್ದು ಒಂದು ಓಣಿಯ ಕೊನೆಗೆ ಕರೆದೊಯ್ದರು. ಮಾಳಿಗೆ ಕುಸಿದು ಮೂರು ಗೋಡೆಯಷ್ಟೇ ಉಳಿದ ಮನೆ. ಆ ಮನೆಯಲ್ಲಿ ಪ್ಲೇಗಿಗೆ ಒಂದೇ ವಾರದಲ್ಲಿ ಸತ್ತವರ ಸುದ್ದಿಯನ್ನು ಅವರ ಅಜ್ಜಿ ಅವರಿಗೆ ಹೇಳಿದ್ದಳಂತೆ. ಹೊರುವವರು ಸಿಗದೆ ಹೆಣವನ್ನು ಎತ್ತಿನ ಗಾಡಿಯಲ್ಲಿ ಒಯ್ದರಂತೆ. ಆ ಗೋಡೆ ಮುಟ್ಟಿ ನಿಂತೆ, ಕಣ್ಣು ತುಂಬಿ ಬಂದವು.

ಮುದುಕರು ನನ್ನನ್ನೇ ನೋಡುತ್ತಿದ್ದರು. ಗೋಡೆಗೆ ಅವರವು ನಾಲ್ಕೈದು ಆಡು ಕಟ್ಟಿದ್ದವು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಅಂದರು:

"ಅಳೂದಿದ್ರ ಅಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಆಡು ಬಿಚ್ಚಂಗಿಲ್ಲ ನೋಡ್ರಿ."

ಎದೆ

ನಮ್ಮಪ್ಪ ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಹೋದ. ಹಾಗೆ ನಡುವಯಸ್ಸಿಗೇ ಹೃದಯ ನಿಂತು ಸತ್ತವರ ಬಗ್ಗೆ ವಿಜಯಪುರದ ಒಬ್ಬ ಡಾಕ್ಟರು ಸಂಶೋಧನೆ ಮಾಡುತ್ತಿದ್ದರು. ಹಳೆಯ ಕಡತಗಳಲ್ಲಿ ಘೋಣಸಗಿ ಹೆಸರು ಮೇಲಿಂದ ಮೇಲೆ ಬಂದದ್ದು ನೋಡಿ, ಇವರದೆಲ್ಲ ಒಂದೇ ರಕ್ತ ಇರಬೇಕೆಂದು ತಿಳಿದು, ಬದುಕಿದ್ದ ಘೋಣಸಗಿಗಳನ್ನು ಕರೆಸಿದರು.

ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಒಬ್ಬ ನಾನು. ಇನ್ನೊಬ್ಬರು ನಮ್ಮೂರಿನದೇ ಇಬ್ರಾಹಿಂಪುರ ಬಡಾವಣೆಯಲ್ಲಿ ಅಂಗಡಿ ಇಟ್ಟ ಮುಸಲ್ಮಾನ ಟೇಲರು. ಅವರ ಅಣ್ಣನೂ ಟೇಲರೇ. ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ಹೋಗಿದ್ದರಂತೆ.

ನರ್ಸ್ "ಘೋಣಸಗಿ" ಎಂದು ಕೂಗಿದಳು, ಇಬ್ಬರೂ ಎದ್ದೆವು. "ಅಣ್ಣತಮ್ಮಂದಿರಾ?" ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಟೇಲರು "ಹೌದ್ರಿ" ಅಂದುಬಿಟ್ಟರು. ಹೊರಗೆ ಬಂದಮೇಲೆ ಕೇಳಿದ್ದಕ್ಕೆ, "ಅಲ್ಲ ಅಂದ್ರ ಇಡೀ ಊರಿನ ಕತಿ ಹೇಳಬೇಕಾಗತೈತಿ. ಹೂಂ ಅಂದ್ರ ಚಾ ಕುಡಿಯಾಕ ಹೋಗಬಹುದು" ಅಂದರು.

ಸಂಜೆ ಎರಡು ವರದಿ ಬಂದವು. ಒಂದು ಚೆನ್ನಾಗಿತ್ತು. ಇನ್ನೊಂದರಲ್ಲಿ ಹೃದಯ ಪೂರ್ತಿ ಕೆಟ್ಟಿತ್ತು, ಆಪರೇಷನ್ ಬೇಕೇ ಬೇಕು. ಎರಡರ ಮೇಲೂ ಬರೀ ಘೋಣಸಗಿ ಎಂದಷ್ಟೇ ಇತ್ತು. ಯಾವುದು ಯಾರದೆಂದು ಡಾಕ್ಟರಿಗೂ ತಿಳಿಯಲಿಲ್ಲ. ನಾಳೆ ಮತ್ತೆ ಪರೀಕ್ಷೆ ಮಾಡೋಣ ಅಂದರು.

ಎದುರಿನ ಚಾದಂಗಡಿಯಲ್ಲಿ ಕೂತೆವು. ಎರಡೂ ವರದಿ ಮೇಜಿನ ಮೇಲೆ ಇಟ್ಟುಕೊಂಡೆವು.

"ಚಲೋದು ನೀವ ಇಟ್ಕೋರಿ ಸರ್" ಅಂದರು ಟೇಲರು. "ನೀವು ಹಿರ್ಯಾರು."

"ಬ್ಯಾಡ್ರಿ, ನಿಮ್ಮ ಮಕ್ಕಳು ಇನ್ನೂ ಸಣ್ಣವದಾವ. ನೀವ ತಗೋರಿ."

ಮದುವೆ ಊಟದಲ್ಲಿ ಹೋಳಿಗೆ ಒತ್ತಾಯ ಮಾಡಿದ ಹಾಗೆ ಆ ಒಳ್ಳೆಯ ವರದಿಯನ್ನು ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ಹಾಕುತ್ತ ಕೂತೆವು. ಕೊನೆಗೆ ಟೇಲರು, "ಹಂಗಾರ ಅರ್ಧಾ ಅರ್ಧಾ ಮಾಡಿಕೊಳ್ಳೂಣ್ರಿ" ಅಂದರು.

ಚಾದಂಗಡಿಯವನು ಕಪ್ಪು ಎತ್ತುತ್ತ ಕೇಳಿದ: "ಹೊಲಾ ಎಷ್ಟು ಎಕರೆ ಐತ್ರಿ?"

ಅಣ್ಣ

ಮರುದಿನ ಗೊತ್ತಾಯಿತು, ಕೆಟ್ಟದ್ದು ಟೇಲರದ್ದು. ನನಗೆ ಖುಷಿಯಾಯಿತು. ಆ ಖುಷಿಗೆ ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಸಂಜೆ ಹೊತ್ತು ಅವರ ಅಂಗಡಿಗೆ ಹೋಗಿ ಕೂಡುವುದು ರೂಢಿಯಾಯಿತು. ಆಪರೇಷನ್ ಮಾಡಿಸಿಕೊಳ್ಳಿರಿ ಎಂದು ನಾನು ಅನ್ನುವುದು, ರಮಜಾನ್ ಹೊಲಿಗೆ ಮುಗಿಯಲಿ ಎಂದು ಅವರು ಅನ್ನುವುದು. ಹಬ್ಬದ ಹೊಲಿಗೆಯೇನೋ ಮುಗಿಯಿತು. ಎಲ್ಲರ ಬಟ್ಟೆ ಕೊಟ್ಟು ಕಳಿಸಿ, ಹಬ್ಬ ಮಾಡಿ, ಅದರ ಮರುದಿನ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಮಣ್ಣು ಕೊಟ್ಟು ಬಂದು ಅವರ ಮನೆಯ ಮುಂದೆ ನಿಂತಿದ್ದೆ. ಸುದ್ದಿ ತಿಳಿದು ಆ ಡಾಕ್ಟರೂ ಬಂದರು. ನನ್ನನ್ನು ನೋಡಿದವರೇ ಎರಡೂ ಕೈ ಹಿಡಿದುಕೊಂಡು, "ತಮ್ಮನನ್ನ ಕಳಕೊಂಡ್ರಿ" ಎಂದು ಕಣ್ಣೀರು ಹಾಕಿದರು.

ಟೇಲರ ತಾಯಿ ಹೊಸ್ತಿಲ ಒಳಗೆ ಕೂತಿದ್ದರು. ಬಬಲೇಶ್ವರ ಕಡೆಯ ಹೆಣ್ಣುಮಗಳು, ಎಂಬತ್ತರ ಆಸುಪಾಸಿನವರು. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು ಅವರೆದುರು ಒಯ್ದು ನಿಲ್ಲಿಸಿ, "ಧೈರ್ಯ ತಗೊಳ್ರಿ ಅಮ್ಮಾ. ದೊಡ್ಡ ಮಗ ಇನ್ನೂ ಇದಾನಲ್ಲ" ಅಂದರು.

ಮುದುಕಿ ಕಣ್ಣು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಹಣೆಯ ಮೇಲಿನ ವಿಭೂತಿಯನ್ನೂ ನೋಡಿದರು.

"ನಾ ಹಡದಾವ್ರು ಇಬ್ಬರು. ಇಬ್ಬರೂ ಹ್ವಾದ್ರು" ಅಂದರು. "ನೀ ಯಾವಾಗ ಹುಟ್ಟಿದಿಯೋ ಯಪ್ಪಾ, ನನಗ ಗೊತ್ತಾಗದಂಗ?"

ಒಳಗೆ ಅಳುತ್ತಿದ್ದ ಹೆಂಗಸರೊಳಗೆ ಯಾರೋ ಫಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ತಲೆ ತಗ್ಗಿಸಿ ಆಸ್ಪತ್ರೆಯಲ್ಲಿ ಅವರ ಮಗ ಹೇಳಿದ ಸುಳ್ಳನ್ನು ಹೇಳಿದೆ. ಡಾಕ್ಟರ ಕೈ ಮೆಲ್ಲಗೆ ನನ್ನ ಹೆಗಲಿನಿಂದ ಜಾರಿತು.

ಮುದುಕಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಜಗ್ಗಿ ಪಕ್ಕದಲ್ಲಿ ಕೂಡಿಸಿಕೊಂಡರು.

"ಆತು, ಹುಟ್ಟೂದರ ಹುಟ್ಟಿದಿ" ಅಂದರು. "ಇನ್ನ ನೀನರೆ ನನಗಿಂತ ಮೊದಲ ಹೋಗಬ್ಯಾಡ."