ಜಾಕ್ ಇಳಿದ ಮೇಲೆ

ಎಲ್ಲಕ್ಕೂ ಕಾರಣ ಒಂದು ಮೊಳೆ. ಭಾನುವಾರ ರೇಸಿಗೆ ಹೊರಟಿದ್ದ ಒಡೆಲ್‌ನ ಮನೆಯ ಕಾರಿನ ಹಿಂದಿನ ಚಕ್ರಕ್ಕೆ ಅದು ಚುಚ್ಚಿಕೊಂಡಿತು. ಪಕ್ಕದಲ್ಲಿ ವರ್ಲನ್ ಕೂತಿದ್ದ. ಒಡೆಲ್ ನಲವತ್ತೇಳನೇ ನಂಬರಿನ ರೇಸ್ ಕಾರು ಓಡಿಸುವವನು. ಅದು ಟೈರು ಬದಲಿಸಲು ಬಂದಾಗ ಜಾಕ್ ಹಾಕಿ ಎತ್ತುವವನು ವರ್ಲನ್. ಹಿಂದಿನ ಎರಡು ರೇಸಿಗೂ ತಡವಾಗಿ ಹೋಗಿದ್ದ. ಇನ್ನೊಮ್ಮೆ ತಡವಾದರೆ ಆ ಕೆಲಸ ತನ್ನ ಅಳಿಯನಿಗೆ ಎಂದು ತಂಡದ ಮುಖ್ಯಸ್ಥ ಹಾಯ್ಟ್ ಎಲ್ಲರೆದುರೇ ಹೇಳಿಬಿಟ್ಟಿದ್ದ.

"ನೀನು ಇಳೀಬೇಡ, ಅರ್ಧ ನಿಮಿಷದ ಕೆಲ್ಸ," ಎಂದು ವರ್ಲನ್ ಕೆಳಗೆ ಹಾರಿದ. ಡಿಕ್ಕಿಯಿಂದ ತನ್ನ ರೇಸಿನ ಜಾಕನ್ನೇ ಎಳೆದು ಎತ್ತಿದ, ಚಕ್ರ ಬದಲಿಸಿದ, ನಟ್ಟು ಬಿಗಿದ, ಜಾಕ್ ಇಳಿಸಿದ.

ಕಾರು ಹೊರಟೇ ಹೋಯಿತು.

ಒಡೆಲ್‌ನದೇನೂ ತಪ್ಪಿಲ್ಲ ಬಿಡಿ. ರೇಸಿನಲ್ಲಿ ಟೈರು ಹೊರುವವನು, ನಟ್ಟು ಬಿಚ್ಚುವವನು, ಪೆಟ್ರೋಲು ಸುರಿಯುವವನು ಯಾರು ಏನೇ ಕಿರುಚಿದರೂ ಅವನು ಕಿವಿಗೊಡುವಂತಿಲ್ಲ. ಜಾಕ್ ಇಳಿದು ಕಾರು ನೆಲ ಮುಟ್ಟಿದರೆ ಹಿಂದೆ ನೋಡದೆ ಆಕ್ಸಿಲರೇಟರ್ ಒತ್ತಬೇಕು. ಹನ್ನೊಂದು ವರ್ಷ ಬೈದು ಬೈದು ಇದನ್ನು ಅವನ ತಲೆಗೆ ತುಂಬಿದವನೇ ವರ್ಲನ್. ಈಗ ಗಾಳಿಹೋದ ಚಕ್ರದ ಪಕ್ಕ, ಧೂಳಿನಲ್ಲಿ, ಬಾಯಿ ಬಿಟ್ಟುಕೊಂಡು ನಿಂತ. ಟ್ರ್ಯಾಕು ಇನ್ನೂ ಇಪ್ಪತ್ತು ಮೈಲಿ ದೂರವಿತ್ತು.

ಕೊನೆಗೆ ಚರ್ಚಿನ ಊಟಕ್ಕೆ ಹೊರಟಿದ್ದ ಮಿಸ್ ಐಡಾ ಎಂಬ ವೃದ್ಧೆ ಕಾರು ನಿಲ್ಲಿಸಿದರು. ಚರ್ಚು ಟ್ರ್ಯಾಕಿನ ಹಿಂದೆಯೇ. ಅವನ ತೊಡೆಯ ಮೇಲೆ ಆಲೂಗಡ್ಡೆ ಸಲಾಡಿನ ದೊಡ್ಡ ಬೋಗುಣಿ ಇಟ್ಟು, ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರು. ಎತ್ತಿನ ಗಾಡಿ ಅವರನ್ನು ಹಿಂದೆ ಹಾಕುತ್ತಿತ್ತೇನೋ. ಜೊತೆಗೆ ಪರಿಚಯದವರು ಕಂಡಲ್ಲೆಲ್ಲ ನಿಲ್ಲಿಸಿ ಇವನ ಕತೆ ಹೇಳಬೇಕು. ಮೊದಲ ಮನೆಯಲ್ಲಿ ಹೇಳಿದ ಕತೆಯಲ್ಲಿ ಇವನನ್ನು ಯಾರೋ ನಡುದಾರಿಯಲ್ಲಿ ಬಿಟ್ಟುಹೋದರು, ಅಷ್ಟೆ. ಎರಡನೆಯದರಲ್ಲಿ ಕಾರು ಕಾಲಿಗೆ ತಗುಲಿತು. ಹೆದ್ದಾರಿ ದಾಟುವಲ್ಲಿನ ಪೀಚ್ ಹಣ್ಣಿನ ಅಂಗಡಿ ಮುಟ್ಟುವ ಹೊತ್ತಿಗೆ ಕಾರು ಅವನ ಮೇಲೇ ಹರಿದಿತ್ತು.

ವರ್ಲನ್ ದಿಗಿಲುಬಿದ್ದು, ನನಗೇನೂ ಆಗಿಲ್ಲ ಎನ್ನಲು ಹೋದ.

"ಮಾತಾಡ್ಬೇಡಪ್ಪ," ಎಂದರು ಮಿಸ್ ಐಡಾ. "ಒಳಗಿನ ಪೆಟ್ಟು, ಮೊದಮೊದಲು ಗೊತ್ತಾಗಲ್ಲ."

ಅಂಗಡಿಯವನು ಟೋಪಿ ತೆಗೆದು ತಲೆ ತಗ್ಗಿಸಿದ.

ರೇಸಿಗೆ ಐದು ನಿಮಿಷವಿದೆ ಎನ್ನುವಾಗ ವರ್ಲನ್ ಜಾಕ್ ಹೊತ್ತು ಓಡಿಬಂದ. ಗೋಡೆಗೆ ಒರಗಿದ್ದ ಹಾಯ್ಟ್ ಅವನನ್ನು ಕಂಡದ್ದೇ ಬಿಳಿಚಿಕೊಂಡು ಟೈರಿನ ಮೇಲೆ ಕುಸಿದ.

"ಟೈಮಿಗೆ ಬಂದೆ ನೋಡಣ್ಣ," ಎಂದ ವರ್ಲನ್ ಏದುಸಿರಿನಲ್ಲಿ.

"ನೀನು ಬದುಕಿದೀಯಾ?"

ಹಾಯ್ಟ್ ಸಂಗತಿ ಹೇಳಿದ. ಐದು ಮೈಲಿ ಹೋದ ಮೇಲೆ ಒಡೆಲ್ ಏನೋ ಕೇಳಲು ಪಕ್ಕಕ್ಕೆ ತಿರುಗಿದ್ದಾನೆ, ಸೀಟು ಖಾಲಿ. ವಾಪಸು ಹೋದರೆ ಅಲ್ಲಿ ಬರೀ ಚಕ್ರ. ದಾರಿಯುದ್ದಕ್ಕೂ ವಿಚಾರಿಸುತ್ತ ಪೀಚ್ ಅಂಗಡಿಗೆ ಬಂದಿದ್ದಾನೆ. ಅಲ್ಲಿ ಸುದ್ದಿ ಕೇಳಿ, ಊರಾಚೆ ಮೂವತ್ತು ಮೈಲಿ ದೂರದ ಆಸ್ಪತ್ರೆಗೆ ಓಡಿ, ಅಲ್ಲೂ ಸಿಗದೆ, ವರ್ಲನ್ ಸತ್ತೇಹೋದನೆಂದು ಅಲ್ಲಿಂದ ಈಗಷ್ಟೇ ಟ್ರ್ಯಾಕಿನ ಆಫೀಸಿಗೆ ಫೋನು ಮಾಡಿದ್ದ.

ಅಷ್ಟರಲ್ಲಿ ಉಳಿದ ಕಾರುಗಳೆಲ್ಲ ಗುಡುಗುತ್ತ ಹೊರಟವು. ನಲವತ್ತೇಳನೇ ನಂಬರು ಒಂದೇ ನಿಂತಲ್ಲೇ ನಿಂತಿತ್ತು.

"ಅವನನ್ನ ಬೇಗ ಬರೋಕೆ ಹೇಳಣ್ಣ," ಎಂದ ವರ್ಲನ್.

"ಆಗ್ಲೇ ಫೋನಲ್ಲೇ ಹೇಳ್ದೆ," ಎಂದ ಹಾಯ್ಟ್. "ನಿನ್ನ ಹೆಣ ನೋಡೋವರೆಗೂ ಸ್ಟಿಯರಿಂಗ್ ಮುಟ್ಟಲ್ವಂತೆ."